ಸಾಹೇಬರ ಕನ್ನಡವನ್ನು ಬರೆಯುತ್ತಿದ್ದವರು

ಉಸಗಾಂವದ ಆಸುಪಾಸಿನಲ್ಲಿ ಯಾರಾದರೂ ರಾಜಕಾರಣಿ ಕನ್ನಡದಲ್ಲಿ ಭಾಷಣ ಮಾಡಿದ್ದನ್ನು ನೀವು ಕೇಳಿದ್ದರೆ, ಆ ಕನ್ನಡ ಬಹುಮಟ್ಟಿಗೆ ಮಾಸ್ತರರದು. ನಾಯಕರು ಬದಲಾದರು, ಪಕ್ಷಗಳು ಬದಲಾದವು, ಒಂದಿಬ್ಬರು ಐದು ವರ್ಷದೊಳಗೆ ಎರಡು ಪಕ್ಷಗಳ ಪರವಾಗಿ ನಮ್ಮ ಓಣಿಗೆ ಬಂದು ಹೋದರು. ಬರೆದುಕೊಡುವವರು ಮಾತ್ರ ಒಬ್ಬರೇ. ಮೂರು ತಿಂಗಳ ಹಿಂದೆ ಅವರು ತೀರಿಕೊಂಡರು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರು ಬರೆದ ಯಾವುದರ ಮೇಲೂ ಅವರ ಹೆಸರು ಇರಲಿಲ್ಲ. ಈಗ ನಾನು ಹಾಕಿದರೆ ಅವರಿಗೆ ಸರಿ ಅನಿಸಲಿಕ್ಕಿಲ್ಲ.

ಅವರು ಶಾಲಾ ಮಾಸ್ತರರಲ್ಲ. ವಿಜಯಪುರದ ಕಡೆಯಿಂದ ಬಿ.ಎ. ಮುಗಿಸಿ ಬಂದು, ಗಣಿಯಲ್ಲಿ ಅದಿರಿನ ಲಾರಿಗಳ ತೂಕ ಬರೆದುಕೊಳ್ಳುವ ಗುಮಾಸ್ತರಾಗಿದ್ದರು. ಸಂಜೆ ಓಣಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರಿಂದ ಎಲ್ಲರಿಗೂ ಮಾಸ್ತರ ಆದರು. ಗಣಿ ನಿಂತ ಮೇಲೆ ಅರ್ಜಿ ಬರೆಯುವುದು, ಆಸ್ಪತ್ರೆಯ ಚೀಟಿ ಓದಿ ಹೇಳುವುದು, ಶಾಲೆಗೆ ಸೇರಿಸುವಾಗ ಜೊತೆಗೆ ಹೋಗುವುದು, ಇವೇ ಅವರ ಕೆಲಸಗಳಾದವು. ತೂಕದ ಮನೆಯ ಭಾಷೆ ಮಾತ್ರ ಅವರನ್ನು ಬಿಡಲಿಲ್ಲ. ಯಾರದಾದರೂ ಭಾಷಣ ಕೇಳಿ ಬಂದರೆ, "ಹೆಂಗಿತ್ರಿ?" ಎಂದು ಕೇಳಿದವರಿಗೆ, "ಗಾಡಿ ದೊಡ್ಡದಿತ್ತು. ಮಾಲ್ ಇರಲಿಲ್ಲ" ಎನ್ನುತ್ತಿದ್ದರು.

ಕೊಂಕಣಿ, ಮರಾಠಿ ಆಡುವ ಇಲ್ಲಿಯ ನಾಯಕರಿಗೆ ಕನ್ನಡ ಬೇಕಾಗುವುದು ಓಟಿನ ಹೊತ್ತಿಗೆ. ಕುಂಡಯಿಯ ಕಾರ್ಖಾನೆಗಳಿಗೆ ಹೋಗುವವರು, ಲಾರಿ ಓಡಿಸುವವರು, ಗಾರೆ ಕೆಲಸದವರು, ಎಲ್ಲರೂ ಬಾಗಲಕೋಟೆ, ಗದಗ, ವಿಜಯಪುರದಿಂದ ಬಂದವರು. ಅವರ ಎದುರು ನಿಂತು ಹತ್ತು ವಾಕ್ಯ ಕನ್ನಡ ಆಡಿದರೆ ಅದರ ಫಲವೇ ಬೇರೆ. ಆ ಹತ್ತು ವಾಕ್ಯಗಳನ್ನು ಮಾಸ್ತರ ಕನ್ನಡದಲ್ಲಿ ಬರೆಯುತ್ತಿದ್ದರು. ಆಮೇಲೆ ಅದೇ ಕನ್ನಡವನ್ನು ಮರಾಠಿಯ ಅಕ್ಷರಗಳಲ್ಲಿ ಇನ್ನೊಮ್ಮೆ ಬರೆದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಕೆಂಪು ಶಾಯಿಯ ಅಡ್ಡಗೆರೆ ಎಳೆಯುತ್ತಿದ್ದರು. ಕೊನೆಗೆ ಎದ್ದು ನಿಂತು, ಒಂದು ಕೈ ಮುಂದೆ ಚಾಚಿ, ಆಯಾ ನಾಯಕರ ಧ್ವನಿಯಲ್ಲೇ ಓದಿ ನೋಡುತ್ತಿದ್ದರು. ನಗಿಸಲಿಕ್ಕಲ್ಲ. ನಾಲಿಗೆ ಎಲ್ಲಿ ಎಡವುತ್ತದೆ ಎಂದು ತಿಳಿಯಲಿಕ್ಕೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಮಾಸ್ತರ, ನೀವೇ ನಿಂದರ್ರಿ ಎಲೆಕ್ಷನ್‌ಗೆ."

"ನನಗ ಸುಳ್ಳ ಬರಿಯಾಕ ಬರ್ತೈತ್ರಿ, ಹೇಳಾಕ ಬರೂದಿಲ್ಲ."

ಈ ಕೆಲಸ ಶುರುವಾದದ್ದು ನಾನು ಹುಟ್ಟುವ ಮೊದಲು, ಒಬ್ಬ ಹಳೆಯ ನಾಯಕರಿಂದ. ಅವರು ನಾಲ್ಕನೇ ಇಯತ್ತೆಯವರೆಗೆ ಓದಿದ್ದರಂತೆ. ದೇವರನ್ನು ನಂಬುವುದಿಲ್ಲ ಎಂದು ವೇದಿಕೆಯ ಮೇಲೇ ಹೇಳುತ್ತಿದ್ದರಂತೆ. ಹತ್ತು ದಿನ ಮುಂಜಾನೆ ಮಾಸ್ತರರ ಕೋಣೆಗೆ ಬಂದು, ಗೋಣಿತಟ್ಟಿನ ಮೇಲೆ ಕೂತು, ಒಂದೊಂದು ಶಬ್ದದ ಅರ್ಥ ಕೇಳಿ ಕಲಿತರು. ಮಾಸ್ತರ "ನಿಮಗೆ ನೀರು ಕೊಡಿಸುತ್ತೇನೆ" ಎಂದು ಬರೆದಿದ್ದರು. ಅದರ ಅರ್ಥ ಕೇಳಿದ ಮನುಷ್ಯ ತಲೆ ಅಲ್ಲಾಡಿಸಿ, "ಕೊಡಿಸುವುದು ನನ್ನ ಕೈಯಲ್ಲಿಲ್ಲ. 'ನಿಮ್ಮ ಪರವಾಗಿ ನೀರು ಕೇಳುತ್ತೇನೆ' ಅಂತ ಬರೆ" ಎಂದರಂತೆ. ಅದನ್ನೇ ಹೇಳಿದರು. ಕೇಳಿದರು ಕೂಡ. ನಳ ಬರಲಿಕ್ಕೆ ಎರಡು ವರ್ಷ ಹಿಡಿಯಿತು.

ಈ ಕತೆಯನ್ನು ಮಾಸ್ತರ ಹೇಳುವಾಗ ನನಗೆ ಸಣ್ಣ ಸಿಟ್ಟು ಬರುತ್ತಿತ್ತು. ಹಿಂದಿನವರೆಲ್ಲ ದೊಡ್ಡವರು, ಈಗಿನವರೆಲ್ಲ ಕಳ್ಳರು ಎನ್ನುವ ಮಾತನ್ನು ನಾನು ನಂಬುವವಳಲ್ಲ. ಒಮ್ಮೆ ಹಾಗೆಂದೇ ಹೇಳಿದೆ.

"ಖರೇ ಐತಿ ಬೇಟಾ," ಎಂದರು. "ಅವರು ಕುಡೀತಿದ್ರು. ಹೆಂಡ್ತೀನ ಚಲೋ ನೋಡ್ಕೊಳ್ಳಿಲ್ಲ. ಅದೇ ಕಾಲದಾಗ ಇನ್ನೊಬ್ಬ ವಕೀಲ ಇದ್ದ, ದೊಡ್ಡ ದೊಡ್ಡ ಪುಸ್ತಕ ಓದಿದಾಂವ. ಕೂಲಿ ಮಂದಿ ಜಾಗಾ ತನ್ನ ಅಳಿಯಾನ ಹೆಸರಿಗೆ ಮಾಡಿಕೊಂಡ. ನಾ ಮನಶ್ಯಾನ ಹೊಗಳಾಕತ್ತಿಲ್ಲ. ಆಡೂ ಮಾತಿನ ಅರ್ಥ ಕೇಳಿದ್ದನ್ನ ಹೊಗಳಾಕತ್ತೇನಿ."

ಆ ಹಳೆಯ ನಾಯಕರ ನಂತರ ಬಂದ ಯಾರೂ ಅರ್ಥ ಕೇಳಲಿಲ್ಲ.

ಮಾಸ್ತರರಿಗೆ ಎರಡು ಕಟ್ಟುಪಾಡುಗಳಿದ್ದವು. ಯಾವ ಜಾತಿಯನ್ನಾಗಲಿ ಧರ್ಮವನ್ನಾಗಲಿ ಬೈಯುವ ಸಾಲನ್ನು ಬರೆಯುವುದಿಲ್ಲ. ದೇವರ ಆಣೆ ಬರೆಯುವುದಿಲ್ಲ. ಮೊದಲನೆಯದು ಎಲ್ಲರಿಗೂ ಅರ್ಥವಾಗುತ್ತಿತ್ತು. ಎರಡನೆಯದು ನಾಯಕರ ಸಹಾಯಕರಿಗೆ ಕಿರಿಕಿರಿ. "ನಿಮ್ಮ ಮಂದಿಗೆ ಅದೇ ತಾನೇ ಮನಸ್ಸಿಗೆ ತಾಗುವುದು?" ಎಂದು ಕೇಳುತ್ತಿದ್ದರು. ಮಾಸ್ತರ, "ಅದಕ್ಕೇ ಬರೆಯುವುದಿಲ್ಲ" ಎನ್ನುತ್ತಿದ್ದರು. ನಮಾಜಿಗೆ ತಪ್ಪದೆ ಹೋಗುವ ಮನುಷ್ಯ ಯುಗಾದಿಯ ಶುಭಾಶಯ ಬರೆದರು, ಬಸವ ಜಯಂತಿಯ ಭಾಷಣ ಬರೆದರು, ಈದ್ ಹಬ್ಬದ್ದೂ ಬರೆದರು. ಆಣೆ ಮಾತ್ರ ಬರೆದಿರಲಿಲ್ಲ.

ನಾನು ಎಂ.ಎ. ಓದುತ್ತಿದ್ದಾಗ ಅವರ ಕಣ್ಣು ಮಂಜಾಯಿತು. ಅಂದಿನಿಂದ ಅವರು ಹೇಳಿದ್ದನ್ನು ನಾನು ನನ್ನ ಫೋನಿನಲ್ಲಿ ಮರಾಠಿ ಅಕ್ಷರಗಳಲ್ಲಿ ಟೈಪ್ ಮಾಡಿ, ಅವರ ಫೋನಿನಿಂದ ನಾಯಕರಿಗೆ ಕಳಿಸುತ್ತಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಅಪ್ಪನಿಗೆ ರಾಜಕೀಯದವರ ನೆರಳು ಮನೆಯ ಹೆಣ್ಣುಮಕ್ಕಳ ಮೇಲೆ ಬೀಳುವುದು ಬೇಡವಾಗಿತ್ತು. ಮಾಸ್ತರ, "ಯಾರ ಮುಂದೂ ನಿನ್ನ ಹೆಸರ ತಗಿಯೂದಿಲ್ಲ" ಎಂದಿದ್ದರು. ಆ ಮಾತನ್ನು ಉಳಿಸಿಕೊಂಡರು. ಉಳಿಸಿಕೊಳ್ಳಬಾರದಿದ್ದ ದಿನವೂ ಉಳಿಸಿಕೊಂಡರು.

ಆಗ ಬಂದವರೇ ಈಗಿನ ಸಾಹೇಬರು. ಎರಡು ಪದವಿ. ಮಂಗಳವಾರ ಉಪವಾಸ. ವರ್ಷಕ್ಕೊಮ್ಮೆ ಬರಿಗಾಲಿನಲ್ಲಿ ಯಾತ್ರೆ. ಹಣೆಗೆ ಗಂಧ, ಮಾತಿನ ನಡುವೆ ಸಂಸ್ಕೃತ ಶ್ಲೋಕ. ಬಂದ ಮೊದಲ ದಿನವೇ ಮಾಸ್ತರರ ಕಾಲು ಮುಟ್ಟಿ ನಮಸ್ಕರಿಸಿದರು. ನನಗೆ ಅವರು ಹಿಡಿಸಲಿಲ್ಲ. ಕಾಲು ಮುಟ್ಟುವಾಗ ಅವರ ಕಣ್ಣು ಕ್ಯಾಮೆರಾದ ಕಡೆ ಇತ್ತು. ಮಾಸ್ತರರ ಕಣ್ಣು ಮಂಜು ಎಂದೆನಲ್ಲ, ಅವರಿಗೆ ಅದು ಕಂಡಿರಲಿಕ್ಕಿಲ್ಲ. ಅಥವಾ ಕಂಡರೂ ಬೇಡವಾಗಿತ್ತು. ಜೀವನವಿಡೀ ಅರ್ಥ ಕೇಳದವರಿಗೆ ಬರೆದುಕೊಟ್ಟ ಮನುಷ್ಯನಿಗೆ, ಓದೂ ದೈವಭಕ್ತಿಯೂ ಒಂದೇ ಕಡೆ ಇರುವ ಒಬ್ಬರಾದರೂ ಬೇಕಾಗಿದ್ದರು.

"ಓದ್ಯಾನ, ದೇವರ ಅಂಜಿಕಿ ಐತಿ. ಇಂಥಾಂವ ತಪ್ಪೂದಿಲ್ಲ," ಎಂದರು.

"ನಿಮಗ ಹೆಂಗ ಗೊತ್ರಿ?"

"ಉಪವಾಸ ಮಾಡಾಂವ ಬಾಯಿ ಹಿಡಿತದಾಗ ಇಟ್ಟಿರ್ತಾನ ಬೇಟಾ."

ಆ ವರ್ಷ ನಮ್ಮ ಓಣಿಯ ಮನೆಗಳನ್ನು ಒಡೆಯುತ್ತಾರೆಂಬ ಸುದ್ದಿ ಗಟ್ಟಿಯಾಗಿತ್ತು. ನಲವತ್ತು ಮನೆ. ಜಾಗ ನಮ್ಮದಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಆದರೆ ಮನೆಪಟ್ಟಿಯ ತೆರಿಗೆ ಕಟ್ಟಿದ ಚೀಟಿ, ಕರೆಂಟಿನ ಬಿಲ್ಲು, ರೇಷನ್ ಕಾರ್ಡು ಎಲ್ಲರಲ್ಲೂ ಇದ್ದವು. ಓಣಿಯ ತುದಿಯಲ್ಲಿ ಯಲ್ಲಮ್ಮನ ಕಟ್ಟೆ. ಅಲ್ಲಿ ಸಾಹೇಬರ ಸಭೆ. ಹಿಂದಿನ ದಿನ ಸಹಾಯಕ ಫೋನು ಮಾಡಿ, ಈ ಸಲ ದೇವಿಯ ಹೆಸರು ಬೇಕೇ ಬೇಕು, ಸಾಹೇಬರಿಗೆ ದೇವರ ಮೇಲೆ ನಿಜವಾದ ಭಕ್ತಿ ಇದೆ, ಬರಿಯ ನಾಟಕವಲ್ಲ ಎಂದ. ಮಾಸ್ತರ ಎದ್ದು ನಮಾಜು ಮುಗಿಸಿ ಬಂದರು. ಆಮೇಲೆ ಹೇಳಿದರು, ನಾನು ಟೈಪ್ ಮಾಡಿದೆ:

"ಯಲ್ಲಮ್ಮನ ಆಣೆ ಮಾಡಿ ಹೇಳುತ್ತೇನೆ. ಈ ಓಣಿಯ ಒಂದು ಇಟ್ಟಂಗಿಯನ್ನೂ ಯಾರಿಗೂ ಮುಟ್ಟಲು ಬಿಡುವುದಿಲ್ಲ."

ಸಾಹೇಬರು ಕಟ್ಟೆಯ ಮೇಲೆ ಬಲಗೈ ಇಟ್ಟು ಅದನ್ನು ಹೇಳಿದರು. ನಾನು ಟೈಪ್ ಮಾಡಿದ ಅಡ್ಡಗೆರೆಯಿದ್ದಲ್ಲಿ ಸರಿಯಾಗಿ ಉಸಿರು ತೆಗೆದುಕೊಂಡರು. ಹೆಂಗಸರು ಅತ್ತರು. ನಮ್ಮ ಅಪ್ಪ ಮನೆಗೆ ಬಂದು, "ಇಷ್ಟ್ ಚಲೋ ಕನ್ನಡ ಆಡಿದ ಮನಶ್ಯಾ ಮೋಸ ಮಾಡೂದಿಲ್ಲ" ಎಂದ. ನಾನು ರೊಟ್ಟಿ ಮುರಿಯುತ್ತಾ ಕೂತಿದ್ದೆ.

ಸಾಹೇಬರು ಗೆದ್ದರು. ಆರು ತಿಂಗಳಿಗೆ ಸರಕಾರದವರು ಬಾಗಿಲುಗಳ ಮೇಲೆ ನೋಟೀಸು ಅಂಟಿಸಿದರು. ಹದಿನೈದು ದಿನದೊಳಗೆ ದಾಖಲೆಗಳೊಂದಿಗೆ ಆಕ್ಷೇಪಣೆ ಸಲ್ಲಿಸಬೇಕು, ಇಲ್ಲದಿದ್ದರೆ ತೆರವು. ಮಾಸ್ತರ ಅರ್ಜಿಯ ನಮೂನೆ ತಯಾರಿಸಿ ನಲವತ್ತು ಪ್ರತಿ ತೆಗೆಸಿದರು. ಒಯ್ಯಲು ಯಾರೂ ಬರಲಿಲ್ಲ. ಅರ್ಜಿ ಹಾಕಿದರೆ ದೇವಿಯ ಆಣೆಯನ್ನು ನಂಬಲಿಲ್ಲ ಎಂದಾಗುತ್ತದೆ; ದೇವಿ ಮುನಿದರೆ? ಈ ಮಾತನ್ನು ಮೊದಲು ಆಡಿದವಳು ಗಂಗವ್ವ, ನಮ್ಮ ಪಕ್ಕದ ಮನೆಯಾಕೆ. ಎರಡೇ ದಿನಕ್ಕೆ ಅದು ಇಡೀ ಓಣಿಯ ಮಾತಾಯಿತು.

ಆಗ ಮಾಸ್ತರ ಸಾಹೇಬರ ಕಚೇರಿಗೆ ಹೊರಟರು. ಕಣ್ಣು ಕಾಣದ್ದರಿಂದ ನಾನು ಜೊತೆಗಿದ್ದೆ. ಅಪ್ಪನಿಗೆ ಲೈಬ್ರರಿಗೆ ಹೋಗುತ್ತೇನೆಂದು ಹೇಳಿದ್ದೆ.

ಎರಡೂವರೆ ತಾಸು ಕಾಯಿಸಿ ಒಳಗೆ ಕರೆದರು. ಸಾಹೇಬರು ಎದ್ದು ಬಂದು ಮತ್ತೆ ಕಾಲು ಮುಟ್ಟಿದರು. ಮಾಸ್ತರ ಹಿಂದಿಯಲ್ಲಿ, ಅವಸರವಿಲ್ಲದೆ, ಎಲ್ಲವನ್ನೂ ಹೇಳಿದರು. ನೀವು ಆಣೆ ಮಾಡಿದ್ದೀರಿ. ಜನ ಅದನ್ನು ನಂಬಿ ಅರ್ಜಿ ಹಾಕುತ್ತಿಲ್ಲ. ಒಂದೋ ನೋಟೀಸು ನಿಲ್ಲಿಸುವ ಪತ್ರ ಕೊಡಿ, ಇಲ್ಲವೇ ಓಣಿಗೆ ಬಂದು ಅರ್ಜಿ ಹಾಕಿರಿ ಎಂದು ನಿಮ್ಮ ಬಾಯಿಂದಲೇ ಹೇಳಿರಿ.

ಸಾಹೇಬರು ನಕ್ಕರು. ಕೆಟ್ಟ ನಗುವಲ್ಲ, ಹಿರಿಯರ ಜೊತೆ ಸಲಿಗೆಯಿಂದ ನಗುವ ನಗು.

"ಮಾಸ್ತರ್‌ಜಿ, ವೋ ತೋ ಆಪನೇ ಲಿಖಾ ಥಾ." ಅದನ್ನು ಬರೆದವರು ನೀವಲ್ಲವೇ? "ನನಗೆ ಕನ್ನಡ ಎಲ್ಲಿ ಬರುತ್ತದೆ?"

ಮೇಜಿನ ಮೇಲೆ ಪಂಚಲೋಹದ ಸಣ್ಣ ಗಣಪತಿ, ಗೋಡೆಯ ಮೇಲೆ ಚೌಕಟ್ಟು ಹಾಕಿದ ಎರಡು ಪದವಿಪತ್ರ. ನಾನು ಅವೆರಡನ್ನೂ ನೋಡುತ್ತಾ ನಿಂತೆ, ಬೇರೆ ಎಲ್ಲಿ ನೋಡಿದರೂ ಬಾಯಿ ತೆರೆದುಬಿಡುತ್ತಿದ್ದೆ. ತೆರೆಯಬೇಕಿತ್ತು. ಮಾಸ್ತರ, "ಕಟ್ಟೆಯ ಮೇಲಿಟ್ಟ ಕೈ ನಿಮ್ಮದಲ್ಲವೇ?" ಎಂದು ಕೇಳಿದರು. ಸಾಹೇಬರು ಆಗಲೇ ಮುಂದಿನವರಿಗೆ ನಮಸ್ಕಾರ ಮಾಡುತ್ತಿದ್ದರು. ಸಹಾಯಕ ನಮಗೆ ಪ್ರಸಾದದ ಪೊಟ್ಟಣ ಕೊಟ್ಟ.

ಬಸ್ಸಿನಲ್ಲಿ ಮಾಸ್ತರ ಒಂದೇ ಮಾತು ಆಡಿದರು. "ಇನ್ನ ಆರ ದಿನ ಅದಾವ."

ಆ ಆರು ದಿನ ಅವರು ಮನೆಮನೆಗೆ ಹೋದರು. ಅರ್ಜಿಯ ಕಟ್ಟು ನನ್ನ ಕೈಯಲ್ಲಿ; ಕಣ್ಣು ಕಾಣದವರಿಗೆ ಜೊತೆ ಎಂದಷ್ಟೇ ಓಣಿ ತಿಳಿದಿತ್ತು. ಪ್ರತಿ ಬಾಗಿಲಲ್ಲೂ ಅದೇ ಮಾತು: "ಆಣಿ ಅವರದಲ್ರಿ. ನಾ ಬರದದ್ದು. ತಾವು ಏನ್ ಹೇಳಿದ್ರು ಅನ್ನೂದು ಅವರಿಗೇ ಗೊತ್ತಿಲ್ಲ. ನನ್ನ ತಪ್ಪ್ರಿ. ಅರ್ಜಿ ಹಾಕ್ರಿ."

ಭಾಷಣಗಳನ್ನು ಅವರು ಬರೆಯುತ್ತಾರೆಂಬುದು ಓಣಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಆಣೆಯ ಮಾತು ಬಂದಾಗ ಯಾರಿಗೂ ಅದನ್ನು ಒಪ್ಪುವುದು ಬೇಡವಾಯಿತು. ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬರದಾರು ಯಾರ ಇದ್ರೇನ್ರಿ ಮಾಸ್ತರ? ಕಟ್ಟಿ ಮ್ಯಾಲ ಕೈ ಇಟ್ಟಾಂವ ಅಂವ. ಆಣಿ ಹತ್ತೂದು ಕೈಗೆ, ಪೆನ್ನಿಗಲ್ಲ."

"ಖರೇ ಗಂಗವ್ವ. ಆದ್ರ ಅಂವಗ ದೇವಿ ಅಂಜಿಕಿ ಇಲ್ಲ."

"ಇಲ್ಲಾಂದ್ರ ಅಂವ ಹಾಳಾಗ್ತಾನ."

"ಅಂವ ಹಾಳಾಗೂತನಾ ನಿನ್ನ ಮನಿ ಇರ್ಬೇಕಲ್ಲವಾ!"

ಅವಳ ಮಗ ಒಳಗಿನಿಂದ, "ಎದುರಿನ ಪಾರ್ಟಿಯವರು ಎಷ್ಟ ಕೊಟ್ಟಾರ್ರಿ ಮಾಸ್ತರ, ಹಿಂಗ ಅಡ್ಡಾಡಾಕ?" ಎಂದ. ಇನ್ನೊಂದು ಮನೆಯಲ್ಲಿ, ಅಕ್ಷರ ಕಲಿಸಿದ ಹುಡುಗನೊಬ್ಬ, ಈಗ ಮೀಸೆ ಬಂದವನು, "ನಿಮಗ ನಮ್ಮ ದೇವಿ ಆಣಿ ಬೆಲೆ ಏನ್ ಗೊತ್ತು, ನೀವು ಮಸೂತಿ ಮಂದಿ" ಎಂದುಬಿಟ್ಟ. ಮಾಸ್ತರ ಅವನಿಗೂ ಒಂದು ಅರ್ಜಿ ಕೊಟ್ಟರು. ಅವನು ತೆಗೆದುಕೊಳ್ಳಲಿಲ್ಲ; ಮಾಸ್ತರ ಅದನ್ನು ಹೊಸ್ತಿಲ ಮೇಲೆ ಇಟ್ಟು, ಹಾರದಂತೆ ಅವನ ಚಪ್ಪಲಿಯನ್ನೇ ಅದರ ಮೇಲಿಟ್ಟು ಬಂದರು.

ನಮ್ಮ ಮನೆಗೂ ಬಂದರು. ನಾನು ದಾರಿಯಲ್ಲೇ ಕಟ್ಟನ್ನು ಅವರ ಕೈಗೆ ಕೊಟ್ಟು ಮೊದಲೇ ಒಳಗೆ ಹೋಗಿದ್ದೆ, ಏನೂ ಗೊತ್ತಿಲ್ಲದವಳ ಹಾಗೆ. ಅಪ್ಪ ಕುರ್ಚಿ ಹಾಕಿದ, ನೀರು ಕೊಡಿಸಿದ, ಪೂರ್ತಿ ಕೇಳಿಸಿಕೊಂಡ. ಕೊನೆಗೆ, "ನಿಮ್ಮ ಮ್ಯಾಲ ಗೌರವ ಐತ್ರಿ ಮಾಸ್ತರ. ಆದ್ರ ನೀವ ಬರದ್ರಿ ಅನ್ನಾಕ ಯಾರ್ ಸಾಕ್ಷಿ?" ಎಂದ.

ಸಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಾಸ್ತರ ಆ ಕಡೆ ಮುಖ ಮಾಡಿದರು. ಮಂಜುಗಣ್ಣಿಗೆ ನಾನು ಎಷ್ಟು ಕಾಣಿಸಿದೆನೋ ಗೊತ್ತಿಲ್ಲ. ಮತ್ತೆ ಅಪ್ಪನ ಕಡೆ ತಿರುಗಿ, "ಯಾರೂ ಇಲ್ರಿ" ಎಂದರು.

ನನ್ನ ಫೋನಿನಲ್ಲಿ ಆ ಸಾಲು ಇತ್ತು. ತಾರೀಖಿನ ಸಮೇತ ಇತ್ತು. ತೋರಿಸಲು ಹತ್ತು ಹೆಜ್ಜೆ ನಡೆಯಬೇಕಿತ್ತು. ನಾನು ನಡೆಯಲಿಲ್ಲ. ಅಪ್ಪನ ಬೈಗುಳಕ್ಕೆ ಅಂಜಿದೆ, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಸಾಹೇಬರ ಮೇಲಿನ ನನ್ನ ಸಿಟ್ಟಿನ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಬರೆದರೆ ಅದು ಅವರ ಭಾಷಣದಂತೆಯೇ ಆಗುತ್ತದೆ.

ಕೊನೆಯ ದಿನದ ಹೊತ್ತಿಗೆ ಒಂಬತ್ತು ಮನೆಯವರು ಅರ್ಜಿ ಹಾಕಿದರು. ಹತ್ತನೆಯದು ಮಾಸ್ತರರದು. ಆ ಹತ್ತು ಮನೆಗಳ ವಿಚಾರಣೆ ಇನ್ನೂ ನಡೆದಿದೆ, ಅವು ನಿಂತಿವೆ. ಉಳಿದ ಮೂವತ್ತನ್ನು ಒಂದು ಬುಧವಾರ ಬೆಳಿಗ್ಗೆ ಜೆಸಿಬಿ ತಂದು ಕೆಡವಿದರು. ಸಾಹೇಬರು ಬರಿಗಾಲಿನ ಯಾತ್ರೆಯಲ್ಲಿದ್ದರು, ಫೋನು ಬಂದ್ ಇತ್ತು. ನಮ್ಮ ಮನೆ ಬೀಳಲು ಅಮ್ಮ ಒಲೆ ಆರಿಸಿ ಹೊರಬಂದಷ್ಟು ಹೊತ್ತೂ ಹಿಡಿಯಲಿಲ್ಲ. ಯಲ್ಲಮ್ಮನ ಕಟ್ಟೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಜೆಸಿಬಿಯವನು ಚಪ್ಪಲಿ ಬಿಟ್ಟು ಕೈಮುಗಿದು, ಸುತ್ತ ನಾಲ್ಕು ಅಡಿ ಜಾಗ ಬಿಟ್ಟು, ಅದರಾಚೆಯ ಗಂಗವ್ವನ ಗೋಡೆಗೆ ಹಲ್ಲು ಹಾಕಿದ. ತಿಂಗಳೊಳಗೆ ಸಾಹೇಬರು ಆ ಕಟ್ಟೆಗೆ ಹೊಸ ತಗಡಿನ ಮಾಡು ಹಾಕಿಸಿಕೊಟ್ಟರು. ಮೇಲೆ ಅವರ ಹೆಸರಿದೆ, ಕನ್ನಡದಲ್ಲಿ. ಅದನ್ನು ಬರೆದವರು ಮಾಸ್ತರರಲ್ಲ. ನಾನೂ ಅಲ್ಲ.

ಮನೆ ಕಳೆದುಕೊಂಡವರ ಸಿಟ್ಟು ಸಾಹೇಬರ ಮೇಲೆ ಹೋಗಲಿಲ್ಲ. ತಮ್ಮ ಮನೆ ಉಳಿಸಿಕೊಂಡ ಮಾಸ್ತರರ ಮೇಲೆ ಹೋಯಿತು. "ಒಳಗಿಂದೊಳಗ ಎಲ್ಲಾ ಗೊತ್ತಿತ್ತು ಮುದುಕಗ" ಎಂದರು. ಆರು ದಿನ ಬಾಗಿಲು ಬಡಿದ ಮನುಷ್ಯನ ಬಗ್ಗೆ ಹಾಗೆಂದರು! ಆ ಜನರ ಮೇಲೆ ನನಗಿರುವ ಸಿಟ್ಟು ಇನ್ನೂ ತಣಿದಿಲ್ಲ. ಅವರಲ್ಲಿ ನಮ್ಮ ಅಪ್ಪನೂ ಒಬ್ಬ ಎನ್ನುವುದರಿಂದ ಅದು ಕಡಿಮೆಯಾಗುವುದಿಲ್ಲ.

ಮಾಸ್ತರ ಗಂಗವ್ವನ ಸಂಸಾರವನ್ನು ತಮ್ಮ ಮುಂದಿನ ಕೋಣೆಗೆ ಕರೆದುಕೊಂಡರು. ಪಾತ್ರೆ, ಹಾಸಿಗೆ, ಜಗಲಿಯ ದೇವರು, ಎಲ್ಲ ಅಲ್ಲಿಗೆ ಬಂತು. ಅವರ ನಮಾಜಿನ ಚಾಪೆಗೆ ಹಿಂದಿನ ಕೋಣೆಯಲ್ಲಿ ಒಂದು ಮೂಲೆ ಉಳಿಯಿತು. ನಾನು ಹೋದಾಗಲೆಲ್ಲ ಇಬ್ಬರ ಜಗಳ ನಡೆದಿರುತ್ತಿತ್ತು.

"ಅಂವನ್ನ ದೇವಿ ನೋಡ್ಕೋತಾಳ್ರಿ, ನೀವು ಸುಮ್ಮನಿರ್ರಿ."

"ದೇವಿಗೆ ಯಾಕ ಕೆಲಸ ಹಚ್ತೀಯವಾ? ಕೋರ್ಟ್ ಐತಲ್ಲ."

"ಕೋರ್ಟಿಗೆ ನೀವೇ ಹೋಗ್ರಿ. ಚಾ ಆರಾಕತ್ತೈತಿ, ಮೊದಲ ಅದನ್ನ ಕುಡೀರಿ."

ಆ ಮೇಲೆ ಅವರು ಯಾರಿಗೂ ಭಾಷಣ ಬರೆಯಲಿಲ್ಲ. ಕೇಳಿ ಬಂದವರಿಗೆ ಕಣ್ಣು ಹೋಯಿತೆಂದರು. ಮೂವತ್ತು ಮನೆಯವರಿಗೂ ಪರಿಹಾರದ ಅರ್ಜಿಗಳನ್ನು ಮಾತ್ರ ನನ್ನ ಕೈಯಿಂದ ಬರೆಸಿದರು, ಅವರು ಕೇಳದಿದ್ದರೂ. ಒಮ್ಮೆ ನಾನು, ಅಂದು ಅಪ್ಪನ ಮುಂದೆ ನನ್ನ ಹೆಸರು ಹೇಳಿಬಿಡಬೇಕಿತ್ತು ನೀವು ಎಂದೆ. "ಓಣಿಗೆ ನಾ ಬರದ ಮಾತ ಒಮ್ಮೆ ತಪ್ಪಿತ್ತು," ಎಂದರು. "ನಿನಗ ಕೊಟ್ಟದ್ದೂ ತಪ್ಪಬೇಕಿತ್ತೇನೋ. ಗೊತ್ತಾಗಲಿಲ್ಲ ಬೇಟಾ." ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಅದು ಅವರ ಸ್ವಭಾವವಲ್ಲ.

ಅವರು ಹೋದ ದಿನ, ಮಣ್ಣು ಮಾಡಿ ಬಂದ ಮೇಲೆ, ನಾವಿದ್ದ ಬಾಡಿಗೆಯ ಕೋಣೆಯಲ್ಲಿ ಅಪ್ಪನ ಮುಂದೆ ಫೋನು ಇಟ್ಟು ಆ ಸಾಲನ್ನು ಓದಿ ಹೇಳಿದೆ. ಯಾರು ಟೈಪ್ ಮಾಡಿದ್ದು ಎಂಬುದನ್ನೂ ಹೇಳಿದೆ. ಅಪ್ಪ ಬೈಯಲಿಲ್ಲ. "ಅವತ್ತ ಯಾಕ ಹೇಳಲಿಲ್ಲ?" ಎಂದು ಕೇಳಿದ. ಅವನು ಎದ್ದು ಹೊರಗೆ ಹೋದ.

ಮರುದಿನ ಸಾಹೇಬರ ಸಹಾಯಕ ಮಾಸ್ತರರ ಫೋನಿಗೆ ಕರೆ ಮಾಡಿದ, ಅದು ನನ್ನ ಹತ್ತಿರವಿತ್ತು. ಆ ಫೋನಿನಿಂದ ಸಂದೇಶಗಳನ್ನು ಕಳಿಸುತ್ತಿದ್ದವಳು ಅಂದು ಕಚೇರಿಗೆ ಬಂದಿದ್ದ ನಾನೇ ಎಂದು ಅವನು ಊಹಿಸಿದ್ದ. ಸಾಹೇಬರಿಗೆ ತುಂಬಾ ದುಃಖವಾಗಿದೆ ಎಂದ. ಮಾಸ್ತರರ ಚಿತ್ರದೊಂದಿಗೆ ಶ್ರದ್ಧಾಂಜಲಿ ಹಾಕಬೇಕು, ಕನ್ನಡದಲ್ಲಿ ನಾಲ್ಕು ಸಾಲು ಬೇಕು, ಗುರುಗಳಿದ್ದ ಹಾಗೆ ಎಂಬಂಥದ್ದು. "ಅವರ ದೇವರ ಹೆಸರನ್ನೂ ಸೇರಿಸಿ, ಚೆನ್ನಾಗಿರುತ್ತದೆ. ನೀವೇ ಬರೆಯಿರಿ, ಅವರ ಶಿಷ್ಯೆ ಅಲ್ಲವೇ?"

ನನ್ನ ಧ್ವನಿ ಏರಲಿಲ್ಲ. ಸಾಹೇಬರೇ ಬರೆಯಲಿ ಎಂದೆ. ಕೊಂಕಣಿಯೋ ಮರಾಠಿಯೋ ಇಂಗ್ಲಿಷೋ, ಅವರಿಗೆ ಬರುವ ಯಾವ ಭಾಷೆಯಲ್ಲಾದರೂ ಸರಿ, ಅವರು ಕಂಡ ಮಾಸ್ತರರ ಬಗ್ಗೆ ಅವರದೇ ಒಂದು ಸಾಲು. ನಾಲ್ಕು ಬೇಡ. ಅದನ್ನು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಕನ್ನಡಕ್ಕೆ ತಂದುಕೊಡುತ್ತೇನೆ ಎಂದೆ.

"ಸಾಹೇಬರಿಗೆ ಕೇಳಿ ಕಳಿಸುತ್ತೇನೆ," ಎಂದ.

ಮೂರು ತಿಂಗಳಾಯಿತು. ಆ ಸಾಲು ಇನ್ನೂ ಬಂದಿಲ್ಲ.